ಜಕ್ಕೂರಿನ ಬಿಸಿಲಲ್ಲಿ ಪುಷ್ಪಕ್

ಎಚ್‌ಎಎಲ್ ತಯಾರಿಸಿದ ಎರಡು ಸೀಟಿನ ಪುಷ್ಪಕ್ ತರಬೇತಿ ವಿಮಾನಕ್ಕೆ ಶಕ್ತಿ ಸಾಲದು ಎಂದು ದೂರುವ ಹಳೆಯ ಪೈಲಟ್‌ಗಳನ್ನು ಬಹಳ ಕಂಡಿದ್ದೇನೆ. ಅವರ ಲೆಕ್ಕ ಸರಿ, ಕಲಿಕೆಗೆ ಇದು ತಕ್ಕದ್ದಲ್ಲ ಎಂಬ ತೀರ್ಮಾನವನ್ನು ಒಪ್ಪಲಾರೆ. ನಾನು ಹಾರುವುದನ್ನು ಕಲಿತದ್ದು ಬೆಂಗಳೂರಿನ ಜಕ್ಕೂರು ಏರೋಡ್ರೋಮಿನಲ್ಲಿ, ಇದೇ ವಿಮಾನದಲ್ಲಿ. ಮುಂದೆ ಬೇರೆ ಬೇರೆ ವಿಮಾನಗಳಲ್ಲಿ ಎಷ್ಟೋ ಹುಡುಗರಿಗೆ ಕಲಿಸಿದೆ. ಮೊದಲ ಪಾಠಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಸಿಗಲಿಲ್ಲ.

ಬೆಂಗಳೂರಿನ ಎಚ್‌ಎಎಲ್ ಆಗಲೇ ಡಾ. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ಎಚ್‌ಟಿ-2 ಎಂಬ ಎರಡು ಸೀಟಿನ ತರಬೇತಿ ವಿಮಾನವನ್ನು 1951ರಲ್ಲಿ ಹಾರಿಸಿತ್ತು. ಅದು ಪೂರ್ತಿ ಲೋಹದ್ದು, 155 ಅಶ್ವಶಕ್ತಿಯದು, ವಾಯುಪಡೆಯ ಹುಡುಗರಿಗೆಂದು ಮಾಡಿದ್ದು. ಟೈಗರ್ ಮಾತ್ ಎಂಬ ಬ್ರಿಟನ್ನಿನ ಹಳೆಯ ತರಬೇತಿ ವಿಮಾನಗಳನ್ನೇ ನೆಚ್ಚಿಕೊಂಡಿದ್ದ ಫ್ಲೈಯಿಂಗ್ ಕ್ಲಬ್ಬುಗಳಿಗೆ ಬೇಕಾಗಿದ್ದದ್ದು ಇನ್ನೂ ಹಗುರವಾದ, ರಿಪೇರಿಗೆ ಸುಲಭವಾದ ವಿಮಾನ. ಅಮೆರಿಕದ ಏರೋಂಕಾ ಚೀಫ್ ಎಂಬ ಲಘು ವಿಮಾನದ ಜಾಡಿನಲ್ಲಿ ರೂಪುಗೊಂಡ ಪುಷ್ಪಕ್ 1958ರ ಸೆಪ್ಟೆಂಬರ್ 28ರಂದು ಮೊದಲ ಬಾರಿ ಹಾರಿತು. ಸುಮಾರು 150 ವಿಮಾನಗಳು ತಯಾರಾಗಿ ದೇಶದ ಕ್ಲಬ್ಬುಗಳಿಗೆ ಹೋದವು. ಸೇನೆಯ ವೀಕ್ಷಣಾ ವಿಮಾನವಾದ ಕೃಷಕ್ ಕೂಡ ಇದರಿಂದಲೇ ಬೆಳೆದದ್ದು.

ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಡೋಪ್ ಎಂಬ ಲೇಪನ. ಡೋಪ್ ಒಣಗಿದಂತೆ ಬಟ್ಟೆ ಬಿಗಿಯುತ್ತದೆ. ಬೆರಳಿನಿಂದ ತಟ್ಟಿದರೆ ಬೆಂಕಿಗೆ ಹಿಡಿದ ತಮಟೆಯ ಹಾಗೆ ಕೇಳಿಸಬೇಕು. ಹ್ಯಾಂಗರಿನಲ್ಲಿ ಆ ಲೇಪನದ ಘಾಟು ಮೂಗಿಗೆ ಅಡರುತ್ತಿತ್ತು, ನನಗದು ಇಷ್ಟವಾಗಿತ್ತು. ಎಂಜಿನ್ ಕಾಂಟಿನೆಂಟಲ್ ಸಿ-90, ಹೆಸರೇ ಹೇಳುವಂತೆ 90 ಅಶ್ವಶಕ್ತಿ. ಮೆಕ್ಯಾನಿಕ್ ಪ್ರೊಪೆಲರಿನ ಮುಂದೆ ನಿಂತು ‘ಸ್ವಿಚ್ ಆಫ್’ ಎಂದು ಕೂಗುತ್ತಿದ್ದರು, ಒಳಗಿನಿಂದ ಅದೇ ಮಾತು ಮರಳಬೇಕು. ಆಮೇಲೆ ‘ಕಾಂಟ್ಯಾಕ್ಟ್’, ಎಂದರೆ ಸ್ವಿಚ್ ಆನ್. ಕೈಯಿಂದ ಒಂದು ಬೀಸು, ಎಂಜಿನ್ ಹೊತ್ತಿಕೊಳ್ಳುತ್ತಿತ್ತು. ಕಿಡಿಗೆ ಬ್ಯಾಟರಿಯ ಹಂಗಿಲ್ಲ. ಎರಡು ಮ್ಯಾಗ್ನೆಟೋಗಳು ಅದನ್ನು ತಾವೇ ಹುಟ್ಟಿಸುತ್ತವೆ. ಮೆಕ್ಯಾನಿಕ್‌ನ ಕೈ ಇರುವ ಜಾಗದಲ್ಲಿ ಪ್ರೊಪೆಲರ್ ಇದೆ ಎಂದು ಅರಿತವನು ಉಳಿದ ಜೀವನದಲ್ಲಿ ಚೆಕ್‌ಲಿಸ್ಟನ್ನು ಅಸಡ್ಡೆಯಿಂದ ಓದುವುದಿಲ್ಲ.

ಇನ್ನು ಶಕ್ತಿಯ ಮಾತು. ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಆ ಎತ್ತರದಲ್ಲಿ ಪ್ರಮಾಣಿತ ಉಷ್ಣಾಂಶ 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 33 ಡಿಗ್ರಿ ಇದ್ದರೆ 24 ಡಿಗ್ರಿ ಹೆಚ್ಚಾಯಿತು. ಬಿಸಿಯಾದಷ್ಟೂ ಗಾಳಿ ತೆಳುವಾಗುವುದರಿಂದ ಡಿಗ್ರಿಗೆ 120 ಅಡಿಯಂತೆ ಎತ್ತರಕ್ಕೆ ಕೂಡಿಸಿ ನೋಡಿ: ಗಾಳಿ ಸುಮಾರು 5,900 ಅಡಿಯ ಗಾಳಿಯಷ್ಟೇ ತೆಳುವಾಗಿರುತ್ತದೆ. ಟರ್ಬೋ ಇಲ್ಲದ ಎಂಜಿನ್ ಅಲ್ಲಿ ಐದರಲ್ಲಿ ಒಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ. 90ರಲ್ಲಿ ಉಳಿದದ್ದು 72ರ ಆಸುಪಾಸು, ಹೊರಬೇಕಾದದ್ದು ವಿಮಾನದ ತೂಕವೂ ಸೇರಿ 600 ಕಿಲೋ. ರನ್‌ವೇ ಉದ್ದಕ್ಕೂ ಓಡಿ, ನೆಲ ಬಿಟ್ಟ ಮೇಲೂ ವಿಮಾನ ಏರಲು ಅವಸರ ತೋರುವುದಿಲ್ಲ. ಮೂಗನ್ನು ಎತ್ತಿದರೆ ವೇಗ ಇಳಿಯುತ್ತದೆ, ಏರಿಕೆ ಇನ್ನೂ ಕುಗ್ಗುತ್ತದೆ. ಮೂಗು ತಗ್ಗಿಸಿ ವೇಗ ಕೂಡಿಸಿಕೊಳ್ಳಬೇಕು, ಆಗ ತಾನಾಗಿ ಏರುತ್ತದೆ. ಈ ಪಾಠವನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದರೂ ಹುಡುಗರಿಗೆ ಹಿಡಿಸುತ್ತಿರಲಿಲ್ಲ. ಬಲವಾದ ಎಂಜಿನ್ ಇರುವ ವಿಮಾನ ಪೈಲಟ್‌ನ ಒರಟುತನವನ್ನು ಮುಚ್ಚಿಹಾಕುತ್ತದೆ, ಪುಷ್ಪಕ್ ಮುಚ್ಚಿಡುತ್ತಿರಲಿಲ್ಲ.

ಇಳಿಯುವುದು ಅದಕ್ಕಿಂತ ದೊಡ್ಡ ಪರೀಕ್ಷೆ. ಮೂರನೆಯ ಚಕ್ರ ಬಾಲದಲ್ಲಿರುವುದರಿಂದ ಭಾರದ ಕೇಂದ್ರ ಮುಖ್ಯ ಚಕ್ರಗಳ ಹಿಂದೆ ಬೀಳುತ್ತದೆ. ನೆಲ ಮುಟ್ಟಿದಾಗ ವಿಮಾನ ಸ್ವಲ್ಪ ಓರೆಯಾಗಿದ್ದರೂ ಆ ಭಾರ ಮುಂದೆ ನುಗ್ಗಲು ನೋಡಿ ಓರೆಯನ್ನು ಹೆಚ್ಚಿಸುತ್ತದೆ, ಬಿಟ್ಟರೆ ಗಿರಕಿ ಹೊಡೆಸುತ್ತದೆ. ವಿಮಾನ ಪೂರ್ತಿ ನಿಲ್ಲುವವರೆಗೂ ಕಾಲುಗಳು, ಮೂಗನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್ ಪೆಡಲುಗಳ ಮೇಲೆ ದುಡಿಯುತ್ತಲೇ ಇರಬೇಕು. ಇದರಲ್ಲಿ ಕಲಿತವರ ಕಾಲಿನ ಹದವನ್ನು ನಾನು ಪಕ್ಕದ ಸೀಟಿನಲ್ಲಿ ಕೂತೇ ಗುರುತಿಸುತ್ತಿದ್ದೆ.

ಗರಿಷ್ಠ ವೇಗ ಗಂಟೆಗೆ 145 ಕಿ.ಮೀ. ಮಾತ್ರ. ಎದುರುಗಾಳಿ ಬಲವಾಗಿದ್ದ ದಿನ ಕೆಳಗಿನ ರಸ್ತೆಯ ಕಾರುಗಳು ನಮ್ಮನ್ನು ಹಿಂದೆ ಹಾಕುತ್ತಿದ್ದವು. ದೂರದೂರಿಗೆ ಹೋಗಲು 110 ಅಶ್ವಶಕ್ತಿಯ ಸೆಸ್ನಾ 152 ಖಂಡಿತ ಮೇಲು, ಅದರಲ್ಲಿ ವಾದವಿಲ್ಲ.

ನನ್ನ ಬೇಡಿಕೆ ಇಷ್ಟೇ: ಒಂದು ಪುಷ್ಪಕ್ಕನ್ನಾದರೂ ಹಾರುವ ಸ್ಥಿತಿಯಲ್ಲಿ ಇಟ್ಟುಕೊಳ್ಳಬೇಕು. ಇದು ಹುಚ್ಚು ಆಸೆಯಲ್ಲ. ಸೆಸ್ನಾ 150ರ ಒ-200 ಎಂಜಿನ್ ಸಿ-90ರಿಂದಲೇ ಬೆಳೆದದ್ದು, ಎರಡಕ್ಕೂ ಹೊಂದುವ ಬಿಡಿಭಾಗಗಳು ಹಲವು. ಹೊದಿಕೆಯ ಬಟ್ಟೆಯೂ ಸಿಗುತ್ತದೆ. ಬಟ್ಟೆ ಹೊದಿಸಿ, ರೆಕ್ಕೆಯ ಪಕ್ಕೆಲುಬಿಗೆ ಹೊಲಿದು, ಡೋಪ್ ಬಳಿಯಬಲ್ಲ ಕೈಗಳು ಮಾತ್ರ ಮುದುಕರವು. ಅವರು ಇರುವಾಗಲೇ ಇಬ್ಬರು ಹುಡುಗರನ್ನು ಪಕ್ಕದಲ್ಲಿ ನಿಲ್ಲಿಸಿ ಈ ಕೆಲಸ ಆರಂಭಿಸಬೇಕು.