ಝೆನ್ ಕಾರಿನ ಹಳೆಯ ಅಲಾಯ್ ಚಕ್ರಗಳು: ಮೂರನೆಯದರ ವರದಿ

ನನ್ನ ಝೆನ್ ಕಾರಿನ ನಾಲ್ಕು ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹದ) ಚಕ್ರಗಳ ಹಳೆಯ ಲೇಪನ ತೆಗೆದು, ಉಜ್ಜಿ ಹೊಳಪು ಕೊಡುತ್ತಿದ್ದೇನೆ. ಮೊದಲ ಎರಡಕ್ಕೆ ತಲಾ 4 ಭಾನುವಾರಗಳು ಹಿಡಿದಿದ್ದವು; ಮೂರನೆಯದು 2 ಭಾನುವಾರಗಳಲ್ಲೇ ಮುಗಿದಿದೆ. ಕೈ ಪಳಗಿತು ಎಂದು ಹೇಳಿಕೊಳ್ಳಬಹುದಿತ್ತು, ಆದರೆ ನಿಜವಾದ ಕಾರಣವೆಂದರೆ ಈ ಸಲ ವಾಟರ್ ಪೇಪರಿನ (ನೀರು ಹಚ್ಚಿ ಉಜ್ಜುವ ಮರಳು ಕಾಗದದ) ಒಂದು ಹಂತವನ್ನೂ ಹಾರಿಸದೆ ಉಜ್ಜಿದ್ದೇನೆ.

ನಮ್ಮ ಮನೆ ಸುರತ್ಕಲ್ಲಿನಲ್ಲಿ, ಕಡಲಿನ ಮೊರೆತ ಕೇಳುವಷ್ಟು ಹತ್ತಿರದಲ್ಲಿದೆ. 13 ಇಂಚಿನ ಈ ಚಕ್ರಗಳು 20 ವರ್ಷಗಳಿಗೂ ಹೆಚ್ಚು ಕಾಲ ಇದೇ ಗಾಳಿಗೆ ಮೈಯೊಡ್ಡಿದ್ದರಿಂದ, ಜಲ್ಲಿಕಲ್ಲು ಸಿಡಿದು ಕ್ಲಿಯರ್ ಕೋಟ್ (ಮೇಲಿನ ಪಾರದರ್ಶಕ ಲೇಪನ) ಒಡೆದ ಕಡೆಗಳಲ್ಲೆಲ್ಲ ಉಪ್ಪಿನ ತೇವ ಒಳಸೇರಿ, ಲೇಪನದ ಅಡಿಯಲ್ಲಿ ಗೆದ್ದಲು ದಾರಿ ಮಾಡಿದಂತೆ ಬಿಳಿಯ ಎಳೆಗಳು ಹರಡಿದ್ದವು.

ಲೇಪನವನ್ನು ಪೇಂಟ್ ರಿಮೂವರಿನಿಂದಲೇ ತೆಗೆದೆ. ಕಾಸ್ಟಿಕ್ ಸೋಡಾ ಬಳಸಿದರೆ ಬೇಗ ಮುಗಿಯುತ್ತದೆ ಎಂದು ಪರಿಚಯದ ಮೆಕ್ಯಾನಿಕ್ ಒಬ್ಬರು ಹೇಳಿದ್ದರು. ಬೇಗ ಮುಗಿಯುವುದೇನೋ ಹೌದು, ಆದರೆ ಅದು ಅಲ್ಯೂಮಿನಿಯಮ್ಮನ್ನೂ ಕರಗಿಸಿ ಜಲಜನಕವನ್ನು ಹೊರಬಿಡುತ್ತದೆ. ಸ್ಟೀಲ್ ಬ್ರಶ್ಶನ್ನೂ ದೂರ ಇಟ್ಟೆ. ಅದರ ಕಬ್ಬಿಣದ ಕಣಗಳು ಮೆದು ಲೋಹದಲ್ಲಿ ಹೂತುಕೊಂಡರೆ ಮುಂದೆ ಅಲ್ಲಿಂದಲೇ ಕೊರೆತ ಶುರುವಾಗುತ್ತದೆ.

ಮೊದಲ ಚಕ್ರದಲ್ಲಿ 240 ನಂಬರಿನ ಕಾಗದದಿಂದ ನೇರವಾಗಿ 600ಕ್ಕೆ ಹೋಗಿದ್ದೆ (ನಂಬರ್ ಹೆಚ್ಚಿದಷ್ಟೂ ಕಾಗದ ನಯ). ಉಜ್ಜುವಾಗ ಎಲ್ಲವೂ ಒಂದೇ ಸಮನಾದ ಬೂದುಬಣ್ಣವಾಗಿ ಕಂಡಿತ್ತು. ಬಫ್ (ಯಂತ್ರದಲ್ಲಿ ತಿರುಗುತ್ತ ಹೊಳಪು ಕೊಡುವ ಮೆತ್ತೆ) ಹಿಡಿದು ಹೊಳಪು ಬಂದ ಮೇಲೆಯೇ ಆಳದ ಗೀರುಗಳೆಲ್ಲ ಬಿಸಿಲಿಗೆ ಎದ್ದು ಕಂಡವು, ಮತ್ತೆ 320ರಿಂದ ಆರಂಭಿಸಬೇಕಾಯಿತು. ಈಗ 240, 320, 400, 600, 800, 1200, 2000 ಎಂದು ಕ್ರಮವಾಗಿ ಸಾಗುತ್ತೇನೆ. ಪ್ರತಿ ಕಾಗದವನ್ನೂ ಹಿಂದಿನದಕ್ಕೆ ಅಡ್ಡಲಾಗಿ ಎಳೆದು, ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದು, ಹಿಂದಿನ ದಿಕ್ಕಿನ ಒಂದು ಗೆರೆಯೂ ಉಳಿದಿಲ್ಲವೆಂದು ಖಚಿತವಾದ ಮೇಲೆಯೇ ಮುಂದಿನದನ್ನು ಕೈಗೆತ್ತಿಕೊಳ್ಳುತ್ತೇನೆ. ಬಕೆಟ್ಟಿನ ನೀರಿಗೆ ಪಾತ್ರೆ ತೊಳೆಯುವ ದ್ರವವನ್ನು ನಾಲ್ಕು ಹನಿ ಬಿಟ್ಟರೆ ಕಾಗದ ಕಟ್ಟಿಕೊಳ್ಳುವುದಿಲ್ಲ.

ಬಫಿಂಗಿಗೆ ಮೊದಲು ಕತ್ತಾಳೆ ನಾರಿನ ಬಫ್ ಮತ್ತು ಕಂದು ಸೋಪು (ಬಫ್‌ಗೆ ಹಚ್ಚುವ ಪಾಲಿಶ್ ಗಟ್ಟಿ), ಅನಂತರ ಹತ್ತಿ ಬಟ್ಟೆಯ ಬಫ್ ಮತ್ತು ಬಿಳಿ ಸೋಪು. ಉಳಿದ ಕಪ್ಪು ಜಿಡ್ಡನ್ನು ಮೈದಾ ಹಿಟ್ಟು ಉದುರಿಸಿ ಹಳೆಯ ಪಂಚೆಯ ತುಂಡಿನಿಂದ ಒರೆಸಿದೆ. ಹಿಟ್ಟಿನ ಡಬ್ಬಿಯ ಮೇಲೆ ಕಪ್ಪು ಬೆರಳಚ್ಚು ಕಂಡು ಅಮ್ಮ ಕೇಳಿದ್ದಕ್ಕೆ ಸಮರ್ಪಕ ಉತ್ತರ ಕೊಡಲಾಗಲಿಲ್ಲ.

ಟೈರಿನ ಅಂಚು ಕೂರುವ ಒಳಭಾಗಕ್ಕೆ ಹೊಳಪು ಬೇಕಿಲ್ಲ. ಗಾಳಿ ಸೋರದಿರಲೆಂದು ಅಲ್ಲಿಯ ಬಿಳಿ ಪುಡಿಯನ್ನಷ್ಟೇ ತೆಗೆದೆ. ಎರಡನೆಯ ಚಕ್ರಕ್ಕೆ ಟೈರು ಹಾಕುವಾಗ ಅಂಗಡಿಯಲ್ಲಿ ಸಲಾಕೆ ಜಾರಿ ಅಂಚಿನಲ್ಲಿ ಬೆರಳುದ್ದದ ಗೀರು ಬಿದ್ದಿತ್ತಾದ್ದರಿಂದ, ಈ ಸಲ ಅಂಚಿಗೆ ದಪ್ಪ ಬಟ್ಟೆ ಸುತ್ತಿಕೊಂಡೇ ಹೋದೆ. ಬ್ಯಾಲೆನ್ಸಿಂಗಿನ ತೂಕಗಳನ್ನೂ ಹೊರ ಅಂಚಿಗೆ ಬಡಿಯಲು ಬಿಡದೆ ಒಳಗೆ ಅಂಟಿಸಿಕೊಂಡೆ.

ಲೇಪನವಿಲ್ಲದೆ ಬಿಟ್ಟ ಮೊದಲ ಚಕ್ರ 3 ವಾರಗಳಲ್ಲೇ ಮಂಕಾಗಿದೆ. ಮಳೆಗಾಲ ಮುಗಿಯುವವರೆಗೆ ಅದನ್ನು ಹಾಗೆಯೇ ಬಿಟ್ಟು, ಕ್ಲಿಯರ್ ಕೋಟ್ ಹೊಡೆಸಿದ ಎರಡನೆಯದರೊಂದಿಗೆ ಹೋಲಿಸಿ ನೋಡುತ್ತೇನೆ.

ನಾಲ್ಕನೆಯದರ ಲೇಪನವನ್ನು ನಿನ್ನೆ ತೆಗೆದಾಗ ಒಂದು ಸ್ಪೋಕಿನ ಬುಡದಲ್ಲಿ ಕೂದಲೆಳೆಯಂಥ ಗೆರೆ ಕಂಡಿತು. ಉಜ್ಜಿದರೆ ಅದು ಮುಚ್ಚಿಹೋಗಬಹುದೆಂಬ ಕಾರಣಕ್ಕೇ ಕಾಗದ ಮುಟ್ಟಿಸಿಲ್ಲ. ಕೆಂಪು ಬಣ್ಣ ಇಂಗಿಸಿ, ಮೇಲ್ಮೈ ಒರೆಸಿ, ಬಿರುಕಿನೊಳಗೆ ಉಳಿದ ಬಣ್ಣವನ್ನು ಹೊರಗೆಳೆದು ತೋರಿಸುವ ಬಿಳಿ ಡೆವಲಪರ್ ಸಿಂಪಡಿಸಿ ನೋಡುವ ಪರೀಕ್ಷೆಗೆ ಕೊಡಲಿದ್ದೇನೆ. ಬಿರುಕೇ ಆಗಿದ್ದರೆ ಆ ಚಕ್ರ ಸ್ಟೆಪ್ನಿಗೂ ಬೇಡ, ಗುಜರಿಗೆ ಹೋಗುತ್ತದೆ.