ನರವಹನ ಪರೀಕ್ಷೆಯ ಉಲ್ಲೇಖ ಮೌಲ್ಯಗಳು: ಕೈಬಿಟ್ಟ ದಾಖಲೆಗಳು ಮತ್ತು ಹೊಸ ಕ್ರಮ

ನರಕ್ಕೆ ಸಣ್ಣ ವಿದ್ಯುತ್ ಪ್ರಚೋದನೆ ಕೊಟ್ಟು ಸಂಕೇತ ಹೇಗೆ ಸಾಗುತ್ತದೆಂದು ಅಳೆಯುವ ನರವಹನ ಪರೀಕ್ಷೆಗೆ ನಮ್ಮ ಪ್ರಯೋಗಾಲಯದ ಉಲ್ಲೇಖ ಮೌಲ್ಯಗಳನ್ನು (ಸಹಜವೆಂದು ಎಣಿಸುವ ಮಿತಿಗಳನ್ನು) ಆರೋಗ್ಯವಂತ ಸ್ವಯಂಸೇವಕರ ಅಳತೆಗಳಿಂದಲೇ ರೂಪಿಸಲು ಹೊರಟ ಈ ಕೆಲಸದಲ್ಲಿ, ಮೊದಲ ಕಂತಿನ ಕೆಲವು ದಾಖಲೆಗಳನ್ನು ಈ ತಿಂಗಳು ಕೈಬಿಡಬೇಕಾಯಿತು. ಅವುಗಳಲ್ಲಿ ಚರ್ಮದ ತಾಪಮಾನವನ್ನು ನಾನು ನಮೂದಿಸಿರಲಿಲ್ಲ. ಕೈ ತಣ್ಣಗಿದ್ದರೆ ನರದ ಸೋಡಿಯಂ ವಾಹಿನಿಗಳು (ಸಂಕೇತ ಹುಟ್ಟಿಸುವ ಸೂಕ್ಷ್ಮ ದ್ವಾರಗಳು) ತೆರೆದು ಮುಚ್ಚುವುದು ನಿಧಾನವಾಗುತ್ತದೆ. ತಾಪಮಾನ ಒಂದು ಡಿಗ್ರಿ ಸೆಲ್ಸಿಯಸ್ ಇಳಿದರೆ ವಹನವೇಗ ಸೆಕೆಂಡಿಗೆ ಸುಮಾರು 1.5ರಿಂದ 2.5 ಮೀಟರಿನಷ್ಟು ಕುಗ್ಗುತ್ತದೆ, ಡಿಸ್ಟಲ್ ಲೇಟೆನ್ಸಿ (ನರದ ತುದಿಯ ಭಾಗದಲ್ಲಿ ಪ್ರಚೋದನೆಯಿಂದ ಪ್ರತಿಕ್ರಿಯೆಯವರೆಗಿನ ಸಮಯ) ಸುಮಾರು 0.2 ಮಿಲಿಸೆಕೆಂಡಿನಷ್ಟು ಹೆಚ್ಚುತ್ತದೆ, ಆಂಪ್ಲಿಟ್ಯೂಡ್ (ಪ್ರತಿಕ್ರಿಯೆಯ ಅಲೆಯ ಎತ್ತರ) ಮಾತ್ರ ದೊಡ್ಡದಾಗಿ ಕಾಣುತ್ತದೆ. ತಣ್ಣನೆಯ ಕೈಗಳ ಅಳತೆಗಳು ಪಟ್ಟಿಯಲ್ಲಿ ಉಳಿದರೆ ತಪ್ಪು ಎರಡು ದಿಕ್ಕಿನಲ್ಲಿ ಆಗುತ್ತದೆ: ಲೇಟೆನ್ಸಿಯ ಮೇಲಿನ ಮಿತಿ ಸಡಿಲವಾಗಿ ಮಣಿಕಟ್ಟಿನಲ್ಲಿ ಮೀಡಿಯನ್ ನರ ಒತ್ತಿಹೋಗಿರುವವರು ಸಹಜರೆನಿಸುತ್ತಾರೆ, ಆಂಪ್ಲಿಟ್ಯೂಡಿನ ಕೆಳಮಿತಿ ಏರಿ ಸಹಜರು ರೋಗಿಗಳೆನಿಸುತ್ತಾರೆ. ಸೂತ್ರ ಬಳಸಿ ತಿದ್ದುವುದಕ್ಕಿಂತ ಕೈಕಾಲುಗಳನ್ನು ಬೆಚ್ಚಗೆ ಮಾಡಿ ಮತ್ತೆ ಅಳೆಯುವುದೇ ಸರಿಯೆಂದು ನಾನು ನಿರ್ಧರಿಸಿದೆ.

ಈಗ ಕೈಯ ಚರ್ಮ 32 ಡಿಗ್ರಿ, ಪಾದದ ಚರ್ಮ 30 ಡಿಗ್ರಿ ತಲುಪದೆ ಪರೀಕ್ಷೆ ಆರಂಭಿಸುವುದಿಲ್ಲ. ಪ್ರತಿಕ್ರಿಯೆ ಬೆಳೆಯುವುದು ನಿಂತ ಮೇಲೂ ಪ್ರಚೋದನೆಯನ್ನು 20 ಪ್ರತಿಶತ ಹೆಚ್ಚಿಸಿ ದಾಖಲಿಸುತ್ತೇನೆ. ಸೂರಲ್ ನರಕ್ಕೆ (ಕಾಲಿನ ಹಿಂಬದಿಯಿಂದ ಪಾದದ ಹೊರ ಅಂಚಿಗೆ ಸಾಗುವ ಸಂವೇದನಾ ನರ) ಪ್ರಚೋದಿಸುವ ಮತ್ತು ದಾಖಲಿಸುವ ಜಾಗಗಳ ನಡುವಿನ 14 ಸೆಂಟಿಮೀಟರ್ ಅಂತರವನ್ನು ಪ್ರತಿಬಾರಿ ಟೇಪಿನಿಂದಲೇ ಅಳೆಯುತ್ತೇನೆ. 10 ಸೆಂಟಿಮೀಟರ್ ಅಂತರದಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೂ ವೇಗದಲ್ಲಿ ಹತ್ತನೇ ಒಂದು ಭಾಗದ ದೋಷ ಬರುತ್ತದೆ.

ಮಿತಿಯನ್ನು ಲೆಕ್ಕ ಹಾಕುವ ವಿಧಾನವೂ ಬದಲಾಗಿದೆ. ಸರಾಸರಿಯಿಂದ ಎರಡು ಪ್ರಮಾಣ ವಿಚಲನೆಗಳನ್ನು (ಅಳತೆಗಳ ಹರಡಿಕೆಯ ಮಾನ) ಕಳೆಯುವ ರೂಢಿ ಸಮ್ಮಿತವಾದ ಹಂಚಿಕೆಗೆ ಮಾತ್ರ ಒಪ್ಪುತ್ತದೆ. ಸಂವೇದನಾ ನರಗಳ ಆಂಪ್ಲಿಟ್ಯೂಡಿನ ಹಂಚಿಕೆ ಒಂದೇ ಬದಿಗೆ ವಾಲಿರುವುದರಿಂದ ಈ ಲೆಕ್ಕದಲ್ಲಿ ಕೆಳಮಿತಿ ಕೆಲವೊಮ್ಮೆ ಸೊನ್ನೆಗೆ ಇಳಿಯುತ್ತದೆ, ಅಂಥ ಮಿತಿಯಿಂದ ಯಾವ ರೋಗವನ್ನೂ ಗುರುತಿಸಲಾಗದು. ಆದ್ದರಿಂದ ಅಳತೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ಅಂಚಿನ ನಿಗದಿತ ಶೇಕಡಾ ಭಾಗವನ್ನು ಮಿತಿಯ ಹೊರಗಿಡುವ ಪರ್ಸೆಂಟೈಲ್ ವಿಧಾನವನ್ನು ಆರಿಸಿಕೊಂಡೆ. ಅದಕ್ಕೆ ಪ್ರತಿ ಗುಂಪಿನಲ್ಲಿ ಕನಿಷ್ಠ 120 ಜನ ಇರಬೇಕೆಂಬುದು ಪ್ರಯೋಗಾಲಯ ವೈದ್ಯಶಾಸ್ತ್ರದಲ್ಲಿ ನೆಲೆಗೊಂಡ ಸಲಹೆ. ವಯಸ್ಸು ಮತ್ತು ಎತ್ತರದ ಪ್ರಕಾರ ಗುಂಪು ಒಡೆದಷ್ಟೂ ಈ ಸಂಖ್ಯೆಯನ್ನು ಮುಟ್ಟುವುದು ಕಷ್ಟವಾಗುತ್ತದೆ. ಚಿಕ್ಕ ಪ್ರಯೋಗಾಲಯವೊಂದು ಎಲ್ಲ ನರಗಳಿಗೂ ಸ್ವಂತ ಮೌಲ್ಯ ಕಟ್ಟಲಾರದು ಎಂಬುದನ್ನು ನಾನು ಒಪ್ಪಿಕೊಂಡಿದ್ದೇನೆ. ಹೀಗಾಗಿ ಮೀಡಿಯನ್, ಅಲ್ನರ್ (ಕಿರುಬೆರಳಿನ ಬದಿಯ ಕೈನರ), ಸೂರಲ್ ನರಗಳಿಗೆ ಮಾತ್ರ ನಮ್ಮ ಅಳತೆ ಮುಂದುವರಿಯುತ್ತದೆ. ಉಳಿದ ನರಗಳಿಗೆ, ಹಲವು ಅಧ್ಯಯನಗಳನ್ನು ಕಟ್ಟುನಿಟ್ಟಾಗಿ ಶೋಧಿಸಿ ಅಮೆರಿಕದ ನರಸ್ನಾಯು ಮತ್ತು ಎಲೆಕ್ಟ್ರೋಡಯಾಗ್ನೋಸ್ಟಿಕ್ (ವಿದ್ಯುತ್ ಪರೀಕ್ಷೆಯ ಮೂಲಕ ರೋಗಪತ್ತೆ) ವೈದ್ಯಶಾಸ್ತ್ರ ಸಂಘದ ಕಾರ್ಯಪಡೆ 2016ರಲ್ಲಿ ಪ್ರಕಟಿಸಿದ ಮೌಲ್ಯಗಳನ್ನು, ಅಲ್ಲಿ ಹೇಳಿದ ಅಂತರ ಮತ್ತು ಎಲೆಕ್ಟ್ರೋಡ್ ಸ್ಥಾನಗಳನ್ನೂ ಸೇರಿಸಿ ಅನುಸರಿಸುತ್ತೇವೆ.

ಮಿತಿ ಎಷ್ಟೇ ಸರಿಯಿದ್ದರೂ ಅದನ್ನು ಒಂದೊಂದಾಗಿ ಓದುವುದು ಅಪಾಯಕರ. ಪ್ರತಿ ಅಳತೆಯಲ್ಲೂ 2.5 ಪ್ರತಿಶತ ಸಹಜರು ಮಿತಿಯ ಹೊರಗೆ ಬೀಳುತ್ತಾರೆಂದುಕೊಂಡರೆ, ಪರಸ್ಪರ ಸಂಬಂಧವಿಲ್ಲದ ಹತ್ತು ಅಳತೆಗಳಲ್ಲಿ ಕನಿಷ್ಠ ಒಂದು ಅಸಹಜವಾಗಿ ಬರುವ ಸಂಭವ ಸುಮಾರು 22 ಪ್ರತಿಶತ. ಒಂದೇ ಮೌಲ್ಯ ನೋಡಿ ತೀರ್ಮಾನಿಸಬಾರದೆಂಬ ಸೂಚನೆಯನ್ನು ವರದಿಯ ನಮೂನೆಯಲ್ಲೇ ಸೇರಿಸಿದ್ದೇನೆ.

ಅರವತ್ತು ದಾಟಿದ ಸ್ವಯಂಸೇವಕರ ಗುಂಪು ಇನ್ನೂ ತುಂಬಿಲ್ಲ. ಈ ವಯಸ್ಸಿನ ಕೆಲವು ಆರೋಗ್ಯವಂತರಲ್ಲಿ ಸೂರಲ್ ಪ್ರತಿಕ್ರಿಯೆ ಸಿಗದೇ ಹೋಗುವುದುಂಟು. ಅಂಥವರನ್ನು ಬಿಟ್ಟರೆ ಕೆಳಮಿತಿ ಸುಳ್ಳಾಗಿ ಏರುತ್ತದೆ, ಆದ್ದರಿಂದ ಆ ಖಾನೆಯನ್ನು ಖಾಲಿ ಬಿಡದೆ ಸೊನ್ನೆ ಎಂದೇ ಬರೆಯುತ್ತಿದ್ದೇನೆ.