ಏಳನೇ ಚೆಂಡು

ಕಳೆದ ಭಾನುವಾರದ ನೈನ್-ಬಾಲ್ (ಒಂಬತ್ತು ಚೆಂಡಿನ ಪೂಲ್ ಆಟ) ಪಂದ್ಯ ಇನ್ನೂ ತಲೆಯಲ್ಲೇ ಇದೆ. ಸ್ಕೋರ್ 6-6. ಮುಂದಿನ ರ‍್ಯಾಕ್ (ಸುತ್ತು) ಗೆದ್ದವರಿಗೆ ಪಂದ್ಯ. ಟೇಬಲ್ ಮೇಲೆ ಉಳಿದಿದ್ದು 7, 8, 9 ಮಾತ್ರ. ಏಳು ಕುಶನ್ (ಟೇಬಲ್‌ನ ರಬ್ಬರ್ ಅಂಚು) ಹತ್ತಿರ, ಬಿಳಿ ಚೆಂಡು ಇನ್ನೊಂದು ತುದಿಯಲ್ಲಿ. ಉದ್ದದ, ತೆಳುವಾದ ಕಟ್: ದೂರದಿಂದ ಚೆಂಡಿನ ಅಂಚನ್ನಷ್ಟೇ ತಾಗಿಸಿ ಪಾಕೆಟ್‌ಗೆ ಹಾಕುವ ಹೊಡೆತ. ಅಭ್ಯಾಸದಲ್ಲಿ ಇದನ್ನು ಹತ್ತಕ್ಕೆ ನಾಲ್ಕು ಸಲ ಹಾಕುತ್ತೇನೆ. ಉಳಿದ ಆರು ಸಲ ಎದುರಾಳಿಗೆ ಕೊಟ್ಟ ಹಾಗೆಯೇ, ಅಲ್ವಾ?

ಆದರೂ ಹೊಡೆದೆ. ಚೆಂಡು ಪಾಕೆಟ್ ಬಾಯಲ್ಲೇ ನಿಂತಿತು. ಅವರು ಮೂರನ್ನೂ ಹಾಕಿ ಕೈ ಕುಲುಕಿದರು.

ಅದರ ಬದಲು ಏಳನ್ನು ಮೆಲ್ಲಗೆ ಸವರಿ, ಬಿಳಿ ಚೆಂಡನ್ನು ಕುಶನ್‌ಗೆ ತಾಗಿಸಿ ಎಂಟರ ಹಿಂದೆ ಬಚ್ಚಿಡಬಹುದಿತ್ತು. ಈ ಆಟದಲ್ಲಿ ಚಿಕ್ಕ ಸಂಖ್ಯೆಯ ಚೆಂಡನ್ನೇ ಮೊದಲು ಮುಟ್ಟಬೇಕು. ಅವರು ತಪ್ಪಿದ್ದರೆ ಬಿಳಿ ಚೆಂಡು ನನ್ನ ಕೈಗೆ. ಬೇಕಾದ ಕಡೆ ಇಟ್ಟು ಹೊಡೆಯಬಹುದಿತ್ತು.

ಹೀಗೆ ಚೆಂಡು ಹಾಕಲು ನೋಡದೆ ಎದುರಾಳಿಯನ್ನು ಕಷ್ಟಕ್ಕೆ ಸಿಕ್ಕಿಸುವ ಹೊಡೆತವೇ ಸೇಫ್ಟಿ. ಅದು ಹೆದರಿಕೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ವೇಗ ಸ್ವಲ್ಪ ಜಾಸ್ತಿಯಾದರೂ ಚೆಂಡು ಮರೆಯಿಂದ ಆಚೆ ಬಂದುಬಿಡುತ್ತದೆ. ಅಷ್ಟು ನಾಜೂಕು ಅದು. ಈ ವಾರ ದಿನಾ ಅರ್ಧ ಗಂಟೆ ಅದನ್ನೇ ಆಡುತ್ತಿದ್ದೇನೆ. ನಿನ್ನೆ ಇಪ್ಪತ್ತರಲ್ಲಿ ಹನ್ನೊಂದು ಸರಿಯಾಗಿ ಕೂತವು.